ಎಲ್ಲರಿಗೂ ಕೊನೆಯ ಪಾಳಿಯೇ ಬೇಕು

ಸರ್ಕಾರದ ಸಾಲದ ಬಗ್ಗೆ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತಿಂಗಳು ತಪ್ಪದೆ ಪಿಂಚಣಿ ಎಣಿಸಿಕೊಳ್ಳುವವರು ಬಿಗಿದರೆ ಇನ್ನೂ ಹೆಚ್ಚು.

ಅಂಥವರೊಬ್ಬರು ನಮ್ಮ ಓಣಿ ಇರುವ ಮೋತಿ ಡೊಂಗರ್ ಗುಡ್ಡ ಹತ್ತಿ ಬಂದಿದ್ದರು. ಧಾರವಾಡ ಕಡೆಯವರು, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾಗಿ ಫಾತೋರ್ಡಾದಲ್ಲಿ ಫ್ಲ್ಯಾಟ್ ಕೊಂಡವರು. ಊರು ಬಿಟ್ಟು ಇಲ್ಲಿ ದುಡಿಯಲು ಬಂದ ನಮ್ಮ ಕನ್ನಡ ಜನರ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ. ಗುಡ್ಡ ಹತ್ತುವಾಗ ಏದುಸಿರು ಬಿಟ್ಟು ಎರಡು ಕಡೆ ಕುಳಿತರು. ಮೈಕ್ ಕೈಗೆ ಬಂದ ಮೇಲೆ ಮಾತ್ರ ಉಸಿರಿಗೆ ಬರವಿರಲಿಲ್ಲ. ಬಜೆಟ್ ಬಂದು ವಾರವಾಗಿತ್ತು. ಸರ್ಕಾರ ಆದಾಯ ಮೀರಿ ಖರ್ಚು ಮಾಡುತ್ತಿದೆ, ಕೊರತೆಯನ್ನು ಸಾಲದಿಂದ ತುಂಬಿಸುತ್ತಿದೆ, ಹೀಗೇ ಹೋದರೆ ದೇಶ ದಿವಾಳಿ ಎಂದರು. ಮನೆಯಾಗಲಿ ದೇಶವಾಗಲಿ ಲೆಕ್ಕ ಒಂದೇ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ನಾವು ತಲೆಯಾಡಿಸಿ ಮನೆಗೆ ಹೋಗುತ್ತಿದ್ದೆವು. ಆದರೆ ಅವರಿಗೊಂದು ಉದಾಹರಣೆ ಬೇಕಿತ್ತು, ನಮ್ಮ ಭಿಶಿ ಕಣ್ಣಿಗೆ ಬಿತ್ತು.

ಭಿಶಿ ಎಂದರೆ ಇಷ್ಟೇ. ಓಣಿಯ ಹೆಂಗಸರು ತಿಂಗಳಿಗೊಮ್ಮೆ ನನ್ನ ಹೊಲಿಗೆ ಅಂಗಡಿಯಲ್ಲಿ ಸೇರಿ ಸಮನಾಗಿ ದುಡ್ಡು ಹಾಕುತ್ತೇವೆ. ಕೂಡಿದ್ದನ್ನೆಲ್ಲ ಪಾಳಿಯ ಪ್ರಕಾರ ಒಬ್ಬಳು ಎತ್ತಿಕೊಳ್ಳುತ್ತಾಳೆ. ಯಾರಿಗೆ ಗರಜು ಹೆಚ್ಚೋ ಅವಳಿಗೆ ಮೊದಲ ಪಾಳಿ. ಬಡ್ಡಿಯಿಲ್ಲ, ಜಾಮೀನಿಲ್ಲ.

“ಮೊದಲ ಎತ್ತಿದಾಕಿ ಸಾಲಗಾರಳು, ಕಡೀಗೆ ಎತ್ತಿದಾಕಿ ಶಾಣ್ಯಾಕಿ,” ಎಂದರು ಮಹಾಶಯರು. “ನೀವು ಶಾಣ್ಯಾರಾಗ್ರಿ.”

ಚಪ್ಪಾಳೆಯೋ ಚಪ್ಪಾಳೆ. ಯಾಕೆ ತಟ್ಟುತ್ತಿದ್ದೇವೆ ಎಂದು ಒಬ್ಬರೂ ಯೋಚಿಸಲಿಲ್ಲ.

ಹೊಸ ಭಿಶಿಯ ಮೊದಲ ಪಾಳಿ ನನ್ನ ಪಕ್ಕದ ಮನೆಯವಳಿಗೆ ಎಂದು ಮೊದಲೇ ಮಾತಾಗಿತ್ತು. ಅವಳ ಗಂಡನಿಗೆ ಕುಂಡಯಿಯ ಕಾರ್ಖಾನೆಯಲ್ಲಿದ್ದ ಕೆಲಸ ಹೋಗಿತ್ತು. ಇವಳು ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡಿದ್ದಳು. ಊರಿಗೆ ಮರಳುತ್ತಿದ್ದ ಹುಬ್ಬಳ್ಳಿಯವನೊಬ್ಬ ತನ್ನ ಮಿರ್ಚಿ ಭಜಿಯ ಗಾಡಿಯನ್ನು ಇವಳಿಗೇ ಮಾರುತ್ತೇನೆ ಎಂದಿದ್ದ. ಇವಳ ಗಿರಮಿಟ್ ತಿಂದವರು ಇನ್ನೊಂದು ತಟ್ಟೆ ಕೇಳದೆ ಏಳುವುದಿಲ್ಲ. ಗಾಡಿ ಸಿಕ್ಕಿದ್ದರೆ ಇಟ್ಟಿಗೆ ತಪ್ಪುತ್ತಿತ್ತು.

ಆದರೆ ಭಾಷಣದ ಮರುದಿನವೇ ನಳದ ಹತ್ತಿರ ಯಾರೋ ಅವಳನ್ನು “ಸಾಲಗಾರಳು ಬಂದ್ಲು” ಎಂದು ಆಡಿಕೊಂಡರಂತೆ. ಭಿಶಿಯ ದಿನ ಬಂದು, ತನಗೆ ಮೊದಲ ಪಾಳಿ ಬೇಡ, ಕೊನೆಯದಿರಲಿ ಎಂದಳು. ಉಳಿದವರೂ ಕೊನೆಯದೇ ಬೇಕು ಎಂದು ಹಟ ಹಿಡಿದರು. ಮೊದಲು ಎತ್ತುವವಳು ಒಬ್ಬಳೂ ಇಲ್ಲದೆ ಎಲ್ಲರೂ ಕೊನೆಗೆ ಎತ್ತುವುದು ಹೇಗೆ ಎಂದು ನಾನು ಗಂಟಲು ಹರಿದುಕೊಂಡೆ. ಶಾಣ್ಯಾರಿಗೆ ಕಿವಿ ಎಲ್ಲಿ? ಭಿಶಿ ಅಂದೇ ಮುಚ್ಚಿತು.

ದುಡ್ಡು ಡಬ್ಬಿಗಳಲ್ಲಿ ಬೆಚ್ಚಗೆ ಕುಳಿತಿತು. ಪಾಳಿ ಎತ್ತಿದವಳು ಪಾತ್ರೆ ಕೊಳ್ಳುತ್ತಿದ್ದಳು, ಮಾಡಿಗೆ ತಗಡು ಹಾಕಿಸುತ್ತಿದ್ದಳು, ನನ್ನ ಹತ್ತಿರ ನಾಲ್ಕು ಕುಬಸ ಹೊಲಿಸುತ್ತಿದ್ದಳು. ಅದೆಲ್ಲ ನಿಂತಿತು. ನನ್ನ ಮಷೀನು ಅರ್ಧ ದಿನ ಸುಮ್ಮನಿರತೊಡಗಿತು. ಗಾಡಿ ಬೇರೆಯವರ ಪಾಲಾಯಿತು. ಎಲ್ಲರೂ ಉಳಿಸಿದೆವು, ಯಾರ ಗಳಿಕೆಯೂ ಉಳಿಯಲಿಲ್ಲ.

ಹಾಗಂತ ಸರ್ಕಾರ ಮಾಡುವ ಸಾಲವೆಲ್ಲ ಪುಣ್ಯದ ಕೆಲಸ ಎಂದು ನಾನೇನೂ ಹೇಳುವುದಿಲ್ಲ. ಹೋದ ವರ್ಷ ಹಾಕಿದ ರಸ್ತೆಯನ್ನೇ ಅಗೆದು ಮತ್ತೆ ಹಾಕಲು, ತಮ್ಮದೇ ಮುಖದ ಬ್ಯಾನರ್ ಕಟ್ಟಿಸಲು ಸಾಲ ಎತ್ತುವವರ ಮೇಲೂ ನನಗೆ ಅಷ್ಟೇ ಅಸಹ್ಯ. ಆದರೆ ಗಾಡಿಗೆ ಮಾಡಿದ ಸಾಲ, ಬ್ಯಾನರ್‌ಗೆ ಮಾಡಿದ ಸಾಲ ಎರಡೂ ಒಂದೇ ಎನ್ನುವವರು ಮ್ಯಾನೇಜರ್ ಆಗಿ ಏನು ನೋಡಿದರೋ!

ಮಳೆಗಾಲ ಮುಗಿದ ಮೇಲೆ ಅದೇ ಮಹಾಶಯರ ಮನೆಯ ಪರದೆ ಹೊಲಿಯುವ ಕೆಲಸ ಬಂತು. ಕೊಡಲು ಹೋದಾಗ ಪೇಪರ್ ಹಿಡಿದು ಸಿಡುಕುತ್ತಿದ್ದರು. ಜೀವಮಾನದ ಉಳಿತಾಯವೆಲ್ಲ ಸರ್ಕಾರಿ ಬಾಂಡ್‌ನಲ್ಲಿದೆಯಂತೆ. ಅದರ ಬಡ್ಡಿ ಇಳಿಸಿದ್ದಾರಂತೆ. ಬಾಂಡ್ ಎಂದರೆ ಸರ್ಕಾರ ಇವರಿಂದ ಪಡೆದ ಸಾಲವೇ ಅಲ್ಲವೆ? ಸರ್ಕಾರ ಸಾಲ ಮಾಡಬಾರದು. ಮಾಡಿದರೆ ಇವರ ಹತ್ತಿರವೇ ಮಾಡಬೇಕು, ಬಡ್ಡಿಯನ್ನೂ ಕೈತುಂಬ ಕೊಡಬೇಕು. ನಗು ಬಂತು, ನುಂಗಿಕೊಂಡೆ. ಕೂಲಿ ಇನ್ನೂ ಕೈಗೆ ಬಂದಿರಲಿಲ್ಲ.

ಒಳಗಿನಿಂದ ಚಹಾ ತಂದವಳು ನನ್ನ ಪಕ್ಕದ ಮನೆಯವಳು. ಇಟ್ಟಿಗೆ ಹೊರಲಾಗದೆ ಫಾತೋರ್ಡಾದಲ್ಲಿ ಮನೆಗೆಲಸ ಹಿಡಿದಿದ್ದಾಳೆಂದು ಗೊತ್ತಿತ್ತು; ಈ ಮನೆ ಎಂದು ಗೊತ್ತಿರಲಿಲ್ಲ. ಒಂದು ಕೈ ಸೊಂಟದ ಮೇಲೇ ಇತ್ತು.

“ನಿಮ್ಮ ಓಣಿಯಾಕಿನ ನೋಡ್ರಿ,” ಎಂದರು ಮಹಾಶಯರು ನನಗೆ. “ಒಂದ್ ರೂಪಾಯಿ ಸಾಲ ಇಲ್ಲ. ಎಷ್ಟು ಆರಾಮ ಅದಾಳ.”

ಅವಳು ಕಪ್ಪು ನನ್ನ ಮುಂದಿಟ್ಟಳು. ಅವರ ಕಡೆ ತಿರುಗಲೂ ಇಲ್ಲ.

“ಅಕ್ಕಾರ, ಭಿಶಿ ಮತ್ತ ಚಾಲೂ ಮಾಡ್ರಿ,” ಎಂದಳು. “ಮೊದಲನೇ ಪಾಳಿ ನಂದು. ಸಾಲಗಾರಳು ಅನ್ನೋರು ಈಗ ನನ್ನ ಮುಂದನ ಅನ್ಲಿ.”

ನಾನು ಪರದೆಯ ಕೂಲಿ ಕೇಳಿದೆ. ಮಹಾಶಯರು ಎಣಿಸಿ ಕೊಟ್ಟರು. ಅದನ್ನು ಅವರ ಎದುರಿಗೇ ಅವಳ ಕೈಯಲ್ಲಿಟ್ಟು, ಇದು ನನ್ನ ಮೊದಲ ಕಂತು ಎಂದೆ.