ಮುಳ್ಳುಗಿಡದ ಪರವಾಗಿ ಟೋಕನ್ ಅಕ್ಕನ ವಕಾಲತ್ತು

ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಿಗಿಂತ ಹೆಚ್ಚು ಅಧಿಕಾರ ಯಾರಿಗೆ ಎಂದು ದವಡೆ ಊದಿಸಿಕೊಂಡು ಬಂದವರನ್ನು ಕೇಳಿ ನೋಡಿ. ಮುಂಗೋಣೆಯ ಮೇಜಿನ ಹಿಂದೆ ಕೂತ ಟೋಕನ್ ಅಕ್ಕನತ್ತ ಬೆರಳು ತೋರಿಸುತ್ತಾರೆ. ಬಾಯಿ ಬಿಟ್ಟು ಹೇಳುವ ಸ್ಥಿತಿಯಲ್ಲಿ ಅವರಿರುವುದಿಲ್ಲ. ಯಾರು ಮೊದಲು, ಯಾರು ಆಮೇಲೆ, ಯಾರ ನರಳಾಟ ನಿಜ, ಯಾರದು ಸರದಿ ಮುರಿಯುವ ನಾಟಕ, ಎಲ್ಲದಕ್ಕೂ ಅವಳದೇ ತೀರ್ಪು. ಸಿಂಹಾಸನ ಒಂದು ತಿರುಗುಕುರ್ಚಿ. ಒಂದು ಚಕ್ರ ಕಳಚಿರುವುದರಿಂದ ಸಾಮ್ರಾಜ್ಯ ತುಸು ಎಡಕ್ಕೆ ವಾಲಿದೆ, ಅಷ್ಟೆ.

ಅವಳಿಗೆ ಓದುವ ಹುಚ್ಚು ಹತ್ತಿದ್ದೂ ಅಲ್ಲೇ. ಕಾಯುವವರಿಗೆಂದು ಇಟ್ಟ ವಾರಪತ್ರಿಕೆಗಳಲ್ಲಿ ಕೊನೆಯ ಪುಟಗಳು ಯಾವತ್ತೂ ಇರುವುದಿಲ್ಲ. ಕಿತ್ತ ಹಲ್ಲನ್ನು ಸುತ್ತಿಕೊಳ್ಳಲು ಯಾರೋ ಹರಿದಿರುತ್ತಾರೆ. ಹಾಗಾಗಿ ಕಥೆಗಳಿಗೆಲ್ಲ ಅವಳೇ ಕೊನೆ ಹಚ್ಚುತ್ತಿದ್ದಳು. ಅವಳ ಆಳ್ವಿಕೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಓಡಿಹೋದವರೆಲ್ಲ ಊಟದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದರು.

ಇಂಥವಳ ಕೈಗೆ ಒಂದು ಸೋಮವಾರ, ಎಲ್ಲ ಪುಟಗಳೂ ಇರುವ ದಪ್ಪನೆಯ ಪುಸ್ತಕವೊಂದು ಬಂತು. ಕೊಟ್ಟವಳು ಮಗಳು. ಮಗಳೆಂದರೆ ಗಂಡನ ಮೊದಲ ಹೆಂಡತಿಯ ಮಗಳು. ತಾಯಿ ತೀರಿಕೊಂಡ ಮೇಲೆ ಅಜ್ಜಿಯ ಮನೆಯಲ್ಲಿದ್ದು, ಅಪ್ಪ ಮತ್ತೆ ಮದುವೆಯಾದ ಮೇಲೆ ಇಲ್ಲಿಗೆ ಬಂದಿದ್ದಳು. ಹದಿನಾರರ ಹುಡುಗಿ. ಮನೆಯಲ್ಲಿ ಅವಳ ಮಾತೆಲ್ಲ ‘ಹೂಂ’, ‘ಬೇಡ’, ‘ಬಾಗ್ಲು ಹಾಕ್ಕೊಂಡು ಹೋಗಿ’ ಎಂಬಲ್ಲಿಗೆ ಮುಗಿಯುತ್ತಿತ್ತು. ಬರುವ ಭಾನುವಾರ ಅಜ್ಜಿ ಬರುವವರಿದ್ದರು. ಕಾಲೇಜು ಶುರುವಾಗುವ ಮೊದಲು ಹುಡುಗಿ ಇಲ್ಲಿರಬೇಕೋ ಅವರ ಜೊತೆ ಹೋಗಬೇಕೋ ತೀರ್ಮಾನವಾಗಬೇಕಿತ್ತು. ತೀರ್ಮಾನ ಹುಡುಗಿಯದೇ ಎಂದು ಎಲ್ಲರೂ ಒಪ್ಪಿದ್ದರು. ಟೋಕನ್ ಅಕ್ಕನೂ ಒಪ್ಪಿದ್ದಳು, ಒಪ್ಪಿದ ದಿನದಿಂದ ಗೋಡೆಯ ಕ್ಯಾಲೆಂಡರಿನತ್ತ ನೋಡುವುದನ್ನೇ ಬಿಟ್ಟಿದ್ದಳು.

“ಭಾನುವಾರದೊಳಗೆ ಓದಿ ಚಿಕ್ಕಮ್ಮ. ಏನನ್ನಿಸ್ತು ಅಂತ ಹೇಳ್ಬೇಕು.”

“ನಾನಾ? ನಿಮ್ಮಪ್ಪಂಗೆ ಕೊಡಬಾರ್ದಾ?”

“ಅಪ್ಪ ಅದನ್ನ ಯಾರದೋ ಫ್ರಿಜ್ಜಿನ ಕಾಲಿಗೆ ಒತ್ತು ಕೊಡ್ತಾರೆ.”

ಅಪ್ಪ ಫ್ರಿಜ್ ರಿಪೇರಿಯವನು. ಮಾತು ನಿಜವೇ.

ಪುಸ್ತಕದ ಹೊದಿಕೆ ಕಡುಗಪ್ಪು. ನಡುವೆ ಮುಳ್ಳಿನ ಕಿರೀಟ ತೊಟ್ಟ ತಲೆಬುರುಡೆ, ಅದಕ್ಕೆ ಒಂದೂ ಉದುರದ ಚಂದದ ಹಲ್ಲು. ಮೇಜಿನ ಮೇಲೆ ಅದನ್ನು ಕಂಡ ವೃದ್ಧರೊಬ್ಬರು “ಡಾಕ್ಟ್ರು ಓದಿರೋದು ಇದನ್ನೇನಮ್ಮಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಾಗಿಲ ಪಕ್ಕದ ಕುರ್ಚಿಗೆ ಜರುಗಿದರು.

ಕಿನ್ನರಿಯರೆಂದರೆ ರೆಕ್ಕೆ ಬಡಿಯುತ್ತ ವರ ಕೊಡುವವರೆಂದು ಟೋಕನ್ ಅಕ್ಕ ನಂಬಿದ್ದಳು. ಈ ಪುಸ್ತಕದವರ ವಂಶವೇ ಬೇರೆ. ಅತಿಥಿಯನ್ನು ಊಟಕ್ಕೆ ಕರೆದು ಅವನ ನೆನಪುಗಳನ್ನೇ ಸುಲಿದು ತಿನ್ನುವವರು. ಹುಣ್ಣಿಮೆಗೊಬ್ಬ ಮನುಷ್ಯನನ್ನು ಬಲಿ ಕೇಳುವವರು. ಅವರ ರಾಜಕುಮಾರನಿಗೋ ಕತ್ತಿ ಮಸೆಯುವುದು ಮತ್ತು ನಿಟ್ಟುಸಿರು ಬಿಡುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ನಾಯಕಿಯನ್ನು ಗುಡ್ಡದೊಳಗಿನ ಅವರ ಅರಮನೆಗೆ ಮಾರಿದವಳು ಯಾರು? ಮಲತಾಯಿ!

ಟೋಕನ್ ಅಕ್ಕ ಪುಸ್ತಕವನ್ನು ಟಪ್ಪನೆ ಮುಚ್ಚಿದಳು. ಇದು ಪುಸ್ತಕವಲ್ಲ, ನೋಟೀಸು.

ಅಲ್ಲಿಂದ ಮುಂದೆ ಅವಳು ಓದಿದ್ದು ಕಥೆಯನ್ನಲ್ಲ, ತನ್ನ ಮೇಲಿನ ಮೊಕದ್ದಮೆಯನ್ನು. ಮಲತಾಯಿ ನಾಯಕಿಯ ಬಾಚಣಿಗೆ ಬಚ್ಚಿಟ್ಟರೆ, ತಾನು ಹುಡುಗಿಯ ಸ್ವೆಟರನ್ನು ಕೇಳದೆ ಒಗೆದು ಗೊಂಬೆಯ ಅಳತೆಗೆ ಇಳಿಸಿದ್ದು ನೆನಪಾಗುತ್ತಿತ್ತು. ಮಲತಾಯಿ ತುಟಿ ಓರೆ ಮಾಡಿ ನಕ್ಕರೆ, ಬಚ್ಚಲ ಕನ್ನಡಿಯಲ್ಲಿ ತನ್ನ ತುಟಿಯನ್ನು ತಪಾಸಣೆಗೆ ಒಳಪಡಿಸುತ್ತಿದ್ದಳು. ಬಸ್ಸಿನಲ್ಲಿ ಕೂತರೆ ಇಳಿಯುವುದು ಮರೆಯುತ್ತಿತ್ತು, ಒಲೆಯ ಮುಂದೆ ನಿಂತರೆ ಹಾಲು ಉಕ್ಕುತ್ತಿತ್ತು.

ಗುರುವಾರ ಅನಾಹುತವೇ ಆಯಿತು. ಬಲಿಯ ಅಧ್ಯಾಯದ ನಟ್ಟನಡುವೆ ಡಾಕ್ಟರ ಕೋಣೆಯಿಂದ ಗಂಟೆ ಕೇಳಿಸಿತು. ಟೋಕನ್ ಅಕ್ಕ ಪುಟದಿಂದ ಕಣ್ಣೆತ್ತದೆ, ಬೀದಿಯ ತುದಿಗೂ ಕೇಳುವ ತನ್ನ ಕಂಠದಲ್ಲಿ ಸಾರಿದಳು: “ಮುಂದಿನ ಬಲಿ, ಒಳಗೆ ಬನ್ನಿ!”

ಅದೇ ಕ್ಷಣಕ್ಕೆ ಒಳಗೆ ಡ್ರಿಲ್ಲು ಕಿರ್ರೆಂದಿತು. ಆನೆಯಂಥ ಲಾರಿ ಡ್ರೈವರೊಬ್ಬ ತನ್ನ ಎಕ್ಸ್‌ರೇಯನ್ನು ಕುರ್ಚಿಯಲ್ಲೇ ಬಿಟ್ಟು ಮೆಟ್ಟಿಲಿಳಿದು ಮಾಯವಾದ. ಅವನ ಹಿಂದೆ ಇನ್ನಿಬ್ಬರು.

ಡಾಕ್ಟರು ಕೈಗವಸಿನಲ್ಲೇ ಹೊರಬಂದರು. “ಏನಮ್ಮಾ, ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಾನೇ ಕೂತಿದ್ದೀಯಾ?”

“ಸಾರಿ ಸರ್. ಏನೋ ಮನೆ ಯೋಚನೆ.”

“ಮನೇಲಿ ಬಲಿ ಕೊಡ್ತೀರಾ?”

ಶನಿವಾರ ಸಂಜೆ ಪುಸ್ತಕ ಮುಗಿಯಿತು. ನಾಯಕಿ ಕಿನ್ನರರ ರಾಣಿಯಾದಳು. ಮನೆಗೆ ಮರಳಲೇ ಇಲ್ಲ. ಮಲತಾಯಿಯನ್ನು ಮಾತ್ರ ಹಿಡಿದು ತರಿಸಿ, ಮುಳ್ಳುಗಿಡವಾಗಿಸಿ, ಅರಮನೆಯ ಬಾಗಿಲಲ್ಲಿ ನೆಟ್ಟಳು. ಟೋಕನ್ ಅಕ್ಕ ಕಾಲು ಸುಟ್ಟ ಬೆಕ್ಕಿನಂತೆ ಅಡುಗೆಮನೆಗೂ ನಡುಮನೆಗೂ ಓಡಾಡಿದಳು.

“ರೀ, ನಿಮ್ಮ ಮಗಳಿಗೆ ನನ್ನ ಮೇಲೆ ಸಿಟ್ಟಾ?”

“ಹಸಿವಾದಾಗ ಅವಳಿಗೆ ಎಲ್ಲರ ಮೇಲೂ ಸಿಟ್ಟೇ.”

“ಅದಲ್ಲಾರೀ. ನಾಳೆ ಹೋಗ್ತೀನಿ ಅಂದ್ಬಿಟ್ರೆ?”

ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟ. “ಕಂಪ್ರೆಸರ್ ಒಳಗೆ ಏನಿದೆ ಕೇಳು, ಹೇಳ್ತೀನಿ. ಅವಳೊಳಗೆ ಏನಿದೆ ಅಂತ ನೀನೇ ಕೇಳ್ಕೋ.” ಆದರೆ ಆಮೇಲೆ ಅವನೂ ತುಂಬ ಹೊತ್ತು ಸ್ಕ್ರೂಡ್ರೈವರ್ ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಹುಡುಗಿ ಅಡುಗೆಮನೆಯ ಕಟ್ಟೆ ಹತ್ತಿ ಕೂತಳು. “ಓದಿದ್ರಾ?”

“ಹೂಂ. ಚೆನ್ನಾಗಿತ್ತು.” ರಾತ್ರಿಯಿಡೀ ಉರುಹೊಡೆದ ಸುಳ್ಳು ಅದು.

“ಅಷ್ಟೇನಾ? ಅಷ್ಟು ದಪ್ಪ ಪುಸ್ತಕಕ್ಕೆ ಒಂದು ‘ಚೆನ್ನಾಗಿತ್ತಾ’?” ಹುಡುಗಿಯ ಮುಖ ಕಿಟಕಿಯಂತೆ ಮುಚ್ಚತೊಡಗಿತು. ಕಟ್ಟೆಯಿಂದ ಇಳಿಯಲು ಕಾಲು ಚಾಚಿದಳು.

ಹೇಗೂ ಹೋಗುವವಳು, ನಿಜ ಕೇಳಿಕೊಂಡಾದರೂ ಹೋಗಲಿ ಎಂದುಕೊಂಡಳು ಟೋಕನ್ ಅಕ್ಕ. “ನಿಲ್ಲೇ. ನಿಜ ಹೇಳ್ಲಾ? ಆ ರಾಜಕುಮಾರ ಶುದ್ಧ ದಂಡಪಿಂಡ! ಹುಡುಗೀನ ಕೊಳಕ್ಕೆ ತಳ್ಳೋದು, ಆಮೇಲೆ ಕೈ ಕೊಟ್ಟು ಎತ್ತೋದು. ಅದು ಪ್ರೀತಿನಾ? ತಳ್ಳದೇ ಇದ್ದಿದ್ರೆ ಇಬ್ಬರ ಬಟ್ಟೆನೂ ಒಣಗಿರ್ತಿತ್ತು.”

“ಅವನಿಗೆ ಶಾಪ ಇದೆ ಚಿಕ್ಕಮ್ಮಾ!”

“ಶಾಪ ಇದ್ದೋನು ಮನೇಲಿ ಬಿದ್ದಿರ್ಲಿ! ಮೊದಲ ನೂರು ಪುಟ ಬರೀ ಮಂಜು, ಯಾರು ಎಲ್ಲಿ ನಿಂತಿದ್ದಾರೆ ಅಂತ್ಲೇ ಕಾಣ್ಸಲ್ಲ. ಆದ್ರೆ ಆ ಊಟದ ಅಧ್ಯಾಯ ಇದೆ ನೋಡು, ತಟ್ಟೇಲಿರೋದು ತನ್ನ ಅಮ್ಮನ ನೆನಪೇ ಅಂತ ಗೊತ್ತಾಗಿ ಅವಳು ತುತ್ತು ಕೆಳಗಿಡ್ತಾಳಲ್ಲ, ಅದನ್ನ ಓದಿ ಊಟಾನೇ ಸೇರ್ಲಿಲ್ಲ ನಂಗೆ. ಅದು ಬರೆದ ಕೈಗೆ ಚಿನ್ನದ ಬಳೆ ಹಾಕ್ಬೇಕು. ಆದ್ರೆ ಆ ಮಲತಾಯಿ...” ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. “ಅವಳ ಕಡೆಯಿಂದ ಒಂದು ಪುಟಾನಾದ್ರೂ ಬರೀಬಾರ್ದಿತ್ತಾ? ಗಿಡ ಮಾಡಿ ನೆಟ್ಬಿಟ್ರೆ ಮುಗೀತಾ? ಅವಳಿಗೇನು ಅನ್ನಿಸ್ತಿತ್ತು ಅಂತ ಯಾರು ಕೇಳಿದ್ರು?”

ಹುಡುಗಿ ಕಣ್ಣು ಕಿರಿದಾಗಿಸಿದಳು. “ಅವಳು ನೀವೇ ಅಂದ್ಕೊಂಡ್ರಾ?”

ಟೋಕನ್ ಅಕ್ಕ ಒಲೆಯ ಕಡೆ ತಿರುಗಿದಳು.

“ಅಯ್ಯೋ! ಅವಳು ಕುದುರೆ ಮೇಲೆ ಕೂತು ಸೈನ್ಯ ನಡಿಸ್ತಾಳೆ. ನೀವು ಸ್ಕೂಟರಿನ ಹಿಂದೆ ಕೂತ್ರೂ ಕಣ್ಮುಚ್ಕೋತೀರ.”

“ಮತ್ತೆ ಯಾಕೆ ಕೊಟ್ಟೆ?”

“ಮಾತಾಡೋಕೆ! ನನ್ನ ಸ್ನೇಹಿತೆಯರೆಲ್ಲ ‘ಸೂಪರ್’ ಅಂದು ಸುಮ್ನಾಗ್ತಾರೆ. ನೀವು ಸುಮ್ನಾಗೋರಲ್ಲ ಅಂತ ಗೊತ್ತಿತ್ತು. ಆದ್ರೆ ರಾಜಕುಮಾರನ್ನ ದಂಡಪಿಂಡ ಅಂದ್ರಲ್ಲ, ಅದು ಮಾತ್ರ ಆಗಲ್ಲ. ಆ ಮಾತು ವಾಪಸು ತಗೊಳ್ಳಿ!”

ಅವಳು ತೆಗೆದುಕೊಳ್ಳಲಿಲ್ಲ. ಸೌಟು ಒಂದು ಕಡೆ, ಪುಸ್ತಕ ಇನ್ನೊಂದು ಕಡೆ ಎದ್ದಿತು. ಕದನ ಅಡುಗೆಮನೆಯಿಂದ ನಡುಮನೆಗೆ ಹರಿಯಿತು. ಕರೆಗಂಟೆ ಯಾರಿಗೂ ಕೇಳಿಸಲಿಲ್ಲ. ಅಜ್ಜಿ ತಾವೇ ಬಾಗಿಲು ತಳ್ಳಿಕೊಂಡು, ಚೀಲ ಹಿಡಿದು, ಇಬ್ಬರ ನಡುವೆ ಬಂದು ನಿಂತಾಗಲೇ ಕದನವಿರಾಮ.

“ಏನೇ ಇದು ಪುಟ್ಟಿ? ಈ ಮನೇಲಿ ದಿನಾ ಹೀಗೇನಾ?” ಅಜ್ಜಿಯ ದನಿಯಲ್ಲಿ ಮರುಕವಿತ್ತು, ಅದರ ಅಂಚಿಗೆ ಒಂದಿಷ್ಟು ಆಸೆಯೂ ಇತ್ತು.

“ಇಲ್ಲ ಅಜ್ಜಿ, ಇವತ್ತೇ ಶುರು.” ಹುಡುಗಿ ಅಜ್ಜಿಯ ಕೈಯಿಂದ ಚೀಲ ಇಸಿದುಕೊಂಡಳು. “ರಜೆಗೆ ಬಂದೇ ಬರ್ತೀನಿ, ಬೇಜಾರು ಮಾಡ್ಕೋಬೇಡಿ. ಆದ್ರೆ ಇರೋದು ಇಲ್ಲೇ. ರಾಜಕುಮಾರನ್ನ ಇಷ್ಟು ತಪ್ಪು ತಿಳ್ಕೊಂಡಿರೋ ಇವರನ್ನ ಬಿಟ್ಟು ಹೇಗೆ ಬರ್ಲಿ?”

ಟೋಕನ್ ಅಕ್ಕನ ಕಣ್ಣು ಮಂಜಾಯಿತು. ಏನಾದರೂ ಮೆತ್ತಗಿನ ಮಾತು ಹೇಳಬೇಕೆಂದು ಬಾಯಿ ತೆರೆದಳು.

“ತಪ್ಪು ನಂದಾ?” ಎಂದಳು. “ಎಲ್ಲಿ, ಆ ಕೊಳದ ಪುಟ ತೆಗಿ!”