ಹಸಿರು ಪಟ್ಟಿಯ ತಪ್ಪಲೆ

ಆಷಾಢ ಬಂತೆಂದರೆ ನನ್ನ ಪಾತ್ರೆಗಳೆಲ್ಲ ಮನೆಗೆ ಬಂದು ಸೇರುತ್ತವೆ. ಉಳಿದ ತಿಂಗಳುಗಳಲ್ಲಿ ಅವು ಒಂದೆಡೆ ನಿಂತವಲ್ಲ. ಇವತ್ತು ಸಂತೆಬಾಚಹಳ್ಳಿಯಲ್ಲಿ ಮದುವೆ, ನಾಳೆ ನಾಗಮಂಗಲದ ಕಡೆ ತಿಥಿ, ನಾಡಿದ್ದು ಇನ್ನೆಲ್ಲೋ ಬೀಗರ ಊಟ. ಆಷಾಢದಲ್ಲಿ ಮಾತ್ರ ನಮ್ಮವರು ಮದುವೆ ಮಾಡುವುದಿಲ್ಲ, ಹೊಸ ಮನೆಗೆ ಒಕ್ಕಲು ಹೋಗುವುದಿಲ್ಲ. ಕೆ.ಆರ್. ಪೇಟೆಯ ಹಿಂದಿನ ಬೀದಿಯಲ್ಲಿರುವ ನನ್ನ ಬಾಡಿಗೆ ಪಾತ್ರೆ ಅಂಗಡಿಯ ಶೆಡ್ಡಿನಲ್ಲಿ ತಪ್ಪಲೆ, ಕೊಪ್ಪರಿಗೆ, ಹಂಡೆಗಳು ಸೂರು ಮುಟ್ಟುವಷ್ಟು ಎತ್ತರಕ್ಕೆ ಪೇರಿಸಿಕೊಂಡು ನಿಲ್ಲುತ್ತವೆ. ಹೊರಗೆ ಮಳೆಯಿಲ್ಲದ ಮೋಡಗಳು ಓಡುತ್ತಿರುತ್ತವೆ. ಗಾಳಿ ತಗಡಿನ ಸಂದಿಯಿಂದ ನುಗ್ಗಿ ಖಾಲಿ ಪಾತ್ರೆಗಳೊಳಗೆ ಸುತ್ತಿ ಸಣ್ಣಗೆ ಗುಂಯ್ ಎನ್ನುತ್ತದೆ. ಆ ಸದ್ದು ಕೇಳುತ್ತ ಮಧ್ಯಾಹ್ನ ಕುಳಿತರೆ ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯುವುದಿಲ್ಲ.

ಈ ವ್ಯಾಪಾರ ಶುರು ಮಾಡಿದ್ದು ನನ್ನ ಗಂಡ. ನಾಗಮಂಗಲದಿಂದ ನಾಲ್ಕು ದೊಡ್ಡ ಹಿತ್ತಾಳೆ ತಪ್ಪಲೆ ತಂದು ಬಾಡಿಗೆಗೆ ಬಿಟ್ಟರು. ಅವರು ಹೋದ ಮೇಲೆ ಹೆಂಗಸಿಗೆ ಈ ಭಾರವೆಲ್ಲ ಎತ್ತಲು ಆದೀತೆ ಎಂದು ಜನ ಕೇಳಿದರು. ಎತ್ತುವುದು ನಾನಲ್ಲ, ಎತ್ತಿಸುವುದು ನಾನು ಎಂದೆ. ನನ್ನ ಬಾಯಿ ಸ್ವಲ್ಪ ಜೋರು. ಸ್ವಲ್ಪ ಎನ್ನುವುದು ನನ್ನ ಮಾತು, ಊರಿನವರನ್ನು ಕೇಳಿದರೆ ಬೇರೆಯೇ ಹೇಳಿಯಾರು.

ನಮ್ಮ ಅಂಗಡಿಗೊಂದು ಕಟ್ಟಳೆ ಇದೆ. ಸಿಹಿ ಊಟಕ್ಕೆ ಹೋಗುವ ಪಾತ್ರೆಯ ಕಿವಿಗೆ ಹಸಿರು ಬಣ್ಣದ ಪಟ್ಟಿ, ಮಾಂಸದ ಬಾಡೂಟಕ್ಕೆ ಹೋಗುವುದಕ್ಕೆ ಕೆಂಪು ಪಟ್ಟಿ. ನಮ್ಮ ಕಡೆ ಬಾಡೂಟ ಬೇಡವೆನ್ನುವವರು ಕಡಿಮೆ. ಆದರೆ ಮನೆ ಒಕ್ಕಲಿನ ದಿನ ಬಾಡು ಬೆಂದ ಪಾತ್ರೆಯಲ್ಲಿ ಹಾಲು ಕಾಯಿಸಿದರೆ ಅದೇ ಜನ ನಮ್ಮನ್ನು ಬೀದಿಗೆ ಎಳೆಯುತ್ತಾರೆ. ನಾಲ್ಕು ಸಲ ಒಲೆ ಏರಿದರೆ ಬಣ್ಣ ಸುಟ್ಟು ಹೋಗುತ್ತದೆ. ಮತ್ತೆ ಬಳಿಯುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಯಾವ ಪಾತ್ರೆ ಯಾವುದೆಂದು ಮುಟ್ಟಿದರೇ ಗೊತ್ತಾಗುತ್ತದೆ ಎಂಬ ಜಂಬ ನನಗೆ.

ಸೊಸೆ ಬಂದದ್ದು ಮಾಘದಲ್ಲಿ, ಪಾಂಡವಪುರದಾಚೆಯ ಕಾಲುವೆ ಪಕ್ಕದ ಹಳ್ಳಿಯಿಂದ. ತಿಂಗಳು ತುಂಬುವುದರೊಳಗೆ ಯಾವ ಮನೆಗೆ ಯಾವ ಪಾತ್ರೆ ಎಷ್ಟು ಎಂದು ನೋಡಿ ಕಳಿಸುವ ಕೆಲಸ ಅವಳ ಕೈಗೆ ಹೋಗಿತ್ತು. ಮಗ ಗೂಡ್ಸ್ ಆಟೋ ಓಡಿಸುತ್ತಾನೆ. ಇವಳು ಪಟ್ಟಿ ನೋಡಿ ನೋಡಿ ಆಟೋಗೆ ಏರಿಸುತ್ತಾಳೆ. ನಾನು ಕುರ್ಚಿಯಲ್ಲಿ ಕುಳಿತು ಇಬ್ಬರನ್ನೂ ಬೈಯುತ್ತೇನೆ. ಹೀಗೆ ಚೆನ್ನಾಗಿಯೇ ಇತ್ತು.

ಆಷಾಢಕ್ಕೆ ಇನ್ನೊಂದು ವಾರ ಇರುವಾಗ ಹೊಸಹೊಳಲಿನಿಂದ ಆಚೆ ಒಂದು ಮನೆಯ ಗೃಹಪ್ರವೇಶಕ್ಕೆ ಪಾತ್ರೆ ಹೋಯಿತು. ಸೊಸೆಯೂ ಜೊತೆಗೆ ಹೋಗಿದ್ದಳು. ನಾನು ಹೋಗಿ ಇಳಿಯುವ ಹೊತ್ತಿಗೆ ಹಿತ್ತಲಿನಲ್ಲಿ ಒಲೆಯ ಸುತ್ತ ಜನ ಸೇರಿದ್ದರು. ಹಿತ್ತಾಳೆ ತಪ್ಪಲೆಯ ತುಂಬ ಪಾಯಸ ಕುದಿಯುತ್ತಿತ್ತು. ಅಡುಗೆಯವನು ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಅಕ್ಕ, ಸೌಟು ತಳಕ್ಕೆ ತಗುಲ್ದೇಟ್ಗೆ ಗೊತ್ತಾಯ್ತು. ಇದ್ರ ತಳದಲ್ಲಿ ತಾಮ್ರದ ತ್ಯಾಪೆ ಅದೆ. ಓದ್ ವಾರ ಬೀಗರ ಊಟಕ್ಕೆ ನಾನೇ ಇದ್ರಲ್ಲಿ ಬಾಡು ಬೇಯ್ಸಿವ್ನಿ."

ಮನೆಯೊಡತಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಅಷ್ಟೂ ಪಾಯಸವನ್ನು ತಿಪ್ಪೆಗುಂಡಿಗೆ ಸುರಿದರು.

"ಅಸುರು ಪಟ್ಟಿ ಇತ್ತು ಅತ್ತೆ. ನೋಡೇ ಕಳ್ಸಿದ್ದು" ಎಂದಳು ಸೊಸೆ, ಮೆತ್ತಗೆ.

ತಪ್ಪಲೆಯ ಕಿವಿಗೆ ಒದ್ದೆ ಗೋಣಿ ಸುತ್ತಿತ್ತು. ಬಿಚ್ಚಿ ನೋಡಬಹುದಾಗಿತ್ತು. ನಾನು ನೋಡಲಿಲ್ಲ. "ಪಟ್ಟಿ ನೋಡೋ ಕಣ್ಣಿದ್ರೆ ತಾನೆ. ನಿಮ್ಮಪ್ಪನ ಮನೇಲಿ ಅನ್ನ ತಿನ್ಸಿ ಬೆಳುಸಿದ್ರೋ ಉಲ್ಲು ತಿನ್ಸಿ ಬೆಳುಸಿದ್ರೋ" ಎಂದುಬಿಟ್ಟೆ. ಯಾರೋ ಒಬ್ಬಿಬ್ಬರು ನಕ್ಕರು. ಅವಳು ಬೇರೆ ತಪ್ಪಲೆ ತೊಳೆಯಲು ಕುಳಿತಳು. ಮನೆಗೆ ಬಂದ ಮೇಲೆ ಆ ಹಾಳು ತಪ್ಪಲೆಯನ್ನು ನಾನೇ ಗೋಣಿ ಸಮೇತ ಬಾಡಿನ ಪಾತ್ರೆಗಳ ಹಿಂದಕ್ಕೆ ತಳ್ಳಿದೆ.

ಮೊದಲ ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಅವಳ ಅಣ್ಣ ಹೂವು ಹಣ್ಣು ಹಿಡಿದು ಬಂದ. ಅವಳು ಕಾಲಿಗೆ ಬಿದ್ದು ಹೊರಟಳು. ಆಷಾಢಕ್ಕೆಂದು ಹೋದಳೋ ಮುನಿಸಿಕೊಂಡು ಹೋದಳೋ ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ನನಗೂ ತಿಳಿಯಲಿಲ್ಲ.

ಅಳಿಯನಾದವನೂ ಆ ತಿಂಗಳು ಅತ್ತೆ ಮನೆ ಹೊಸಿಲು ತುಳಿಯುವಂತಿಲ್ಲ. ನನ್ನ ಮಗನಿಗೆ ಮಾತ್ರ ಪಾಂಡವಪುರದ ಕಡೆ ಇದ್ದಕ್ಕಿದ್ದಂತೆ ಬಾಡಿಗೆಗಳು ಸಿಗತೊಡಗಿದವು. ಕಾಲುವೆ ಏರಿಯ ಮೇಲೆ ಆಟೋ ನಿಲ್ಲಿಸಿ ಹೆಂಡತಿಯೊಡನೆ ಮಾತಾಡಿ ಬರುತ್ತಿದ್ದ. ನಾನು ಕಂಡೂ ಕಾಣದವಳ ಹಾಗಿದ್ದೆ. ಎರಡನೆಯ ವಾರ ಊಟಕ್ಕೆ ಕುಳಿತವನು ಮುದ್ದೆ ಮುರಿಯದೆ ತಟ್ಟೆಯ ಅಂಚಿಗೆ ತಳ್ಳಿದ.

"ಅವ್ಳು ಬರಾಕಿಲ್ಲ ಅನ್ನಂಗವ್ಳೆ ಕಣವ್ವ. ಪಾಂಡವಪುರದಲ್ಲಿ ಬಟ್ಟೆ ಅಂಗ್ಡಿ ಕೆಲ್ಸಕ್ಕೆ ಸೇರ್ಕೋತಾಳಂತೆ. ನೀನೂ ಇಲ್ಲೇ ಬಂದ್ಬುಡು ಅಂತಾಳೆ."

"ನೀನೇನಂದೆ?"

"ಏನ್ ಯೋಳ್ಲಿ" ಎಂದ. ಹೋಗುವುದಿಲ್ಲ ಎನ್ನಲಿಲ್ಲ. ಅನ್ನಕ್ಕೆ ಸಾರು ಬಡಿಸಿ ಒಳಗೆ ಹೋದೆ.

ಮರುದಿನ ಕಲಾಯಿಯವರು ಬಂದರು. ಶ್ರೀರಂಗಪಟ್ಟಣದ ಸಾಬರು. ಪ್ರತಿ ಆಷಾಢದಲ್ಲೂ ಬಂದು ಹಿತ್ತಾಳೆ ಪಾತ್ರೆಗಳಿಗೆ ಒಳಗಿನಿಂದ ತವರದ ಲೇಪ ಕೊಟ್ಟು ಹೋಗುತ್ತಾರೆ. ಅವರ ತಂದೆಯೂ ನಮಗೆ ಇದನ್ನೇ ಮಾಡುತ್ತಿದ್ದರು. ಹಿತ್ತಲಿನಲ್ಲಿ ಸಣ್ಣ ಗುಂಡಿ ತೋಡಿ, ತಿದಿ ಹೂಡಿ, ಇದ್ದಿಲು ಕೆಂಪಗಾಗಿಸಿ ಪಾತ್ರೆಯನ್ನು ತಿರುಗಿಸುತ್ತ ಕಾಯಿಸುತ್ತಾರೆ. ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಭುಗ್ಗನೆ ಏಳುತ್ತದೆ. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರೆ ಕಪ್ಪು ತಳದಲ್ಲಿ ಬೆಳುದಿಂಗಳು ಹರಡಿದಂತೆ. ಚಿಕ್ಕವಳಾಗಿ ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ, ಇನ್ನೂ ಬೇಸರ ಬಂದಿಲ್ಲ. ಆ ಹೊಗೆಯ ಹಿಂದೆ ಮೋಡ, ಮೋಡದ ಹಿಂದೆ ಎಲ್ಲೋ ಮಂಕು ಸೂರ್ಯ. ನೋಡುತ್ತ ಕುಳಿತಿದ್ದೆ.

"ಅಕ್ಕ, ಈ ತ್ಯಾಪೆ ಓದೊರ್ಸ ನಾನೇ ಬಡ್ದಿದ್ದಲ್ವ, ಬಾಡಿನ ತಪ್ಪಲೆಗೆ?" ಅವರು ಹಿಂದಿನಿಂದ ಎಳೆದು ತಂದ ತಪ್ಪಲೆಯನ್ನು ತಿರುಗಿಸಿ, ಗೋಣಿ ಕಿತ್ತು ಅದರ ಕಿವಿ ತೋರಿಸಿದರು. "ಇದ್ಕೆ ಅಸುರು ಯಾರು ಬಳ್ದಿದ್ದು?"

ಕಿವಿಯ ಮೇಲೆ ಹಸಿರು ಪಟ್ಟಿ ಅಚ್ಚುಕಟ್ಟಾಗಿ ಹೊಳೆಯುತ್ತಿತ್ತು. ಅಂಚು ಚೂರೂ ಅಲುಗಿರಲಿಲ್ಲ. ಅಷ್ಟು ನೀಟಾಗಿ ಬಳಿಯುವವಳು ನಮ್ಮ ಮನೆಯಲ್ಲಿ ನಾನೊಬ್ಬಳೇ.

ಆ ದಿನ ನೆನಪಿಗೆ ಬಂತು. ಬೀಗರ ಊಟದಿಂದ ಪಾತ್ರೆಗಳು ವಾಪಸು ಬಂದಿದ್ದವು, ಬಣ್ಣವೆಲ್ಲ ಸುಟ್ಟು ಹೋಗಿತ್ತು. ಎರಡೂ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಹಿತ್ತಲಿನಲ್ಲಿ ಕುಳಿತಿದ್ದೆ. ಮೋಡದ ನೆರಳೊಂದು ಗೋಡೆ ಇಳಿದು, ಪಾತ್ರೆಗಳ ಮೇಲೆ ಹಾದು, ನನ್ನ ಮಡಿಲಿಗೆ ಬಂದು ನಿಂತಿತು. ನನ್ನ ಗಂಡ ನಾಗಮಂಗಲದಿಂದ ಆ ತಪ್ಪಲೆಗಳನ್ನು ತಂದ ಸಂಜೆ ಕಣ್ಣಿಗೆ ಕಟ್ಟಿತು. ಅವರ ಬೆವರಿದ ಅಂಗಿ, ತಪ್ಪಲೆಯೊಳಗೆ ಇಣುಕಿ ನನ್ನನ್ನು ಕೂಗಿ ನಕ್ಕದ್ದು. ಎಷ್ಟು ಹೊತ್ತು ಹಾಗೆ ಇದ್ದೆನೋ. ಕುಂಚ ಹಸಿರು ಡಬ್ಬಿಗೆ ಅದ್ದಿ ಅದ್ದಿ ಎದುರಿಗಿದ್ದ ಆ ತಪ್ಪಲೆಗೆ ಬಳಿಯುತ್ತ ಹೋಗಿತ್ತು.

"ಯಾರೋ ಬಳ್ದವ್ರೆ, ಕೆಂಪು ಮಾಡನ ಬುಡಿ" ಎಂದೆ. ಸಾಬರು ಮುಂದಿನ ತಪ್ಪಲೆ ಎಳೆದುಕೊಂಡರು. ಎರಡು ದಿನದಲ್ಲಿ ಕೆಲಸ ಮುಗಿಸಿ ಶ್ರೀರಂಗಪಟ್ಟಣಕ್ಕೆ ಹೊರಟುಹೋದರು.

ಸುಮ್ಮನಿದ್ದುಬಿಡಬಹುದಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ, ಎಮ್ಮೆಗೆ ಬಾಯಿಲ್ಲ, ಯಾರು ಕೇಳುತ್ತಾರೆ? ಆದರೆ ಒಳಗೆ ಹೋದರೆ ಅವಳಿಲ್ಲ, ಹೊರಗೆ ಬಂದರೆ ಮಗ ಮೋಡ ನೋಡುತ್ತ ನಿಂತಿದ್ದಾನೆ. ಮೂರನೆಯ ದಿನ ಬೆಳಿಗ್ಗೆ ಚಿನಕುರಳಿ ಮೇಲೆ ಹೋಗುವ ಪಾಂಡವಪುರದ ಬಸ್ಸು ಹತ್ತಿದೆ.

ಅವಳ ಮನೆಗೆ ಹೋಗಲಿಲ್ಲ. ಕಟ್ಟಳೆ ಮುರಿದು ನಾಳೆ ಏನಾದರೂ ಆದರೆ ಎಂಬ ಅಳುಕು. ಕಾಲುವೆಗೆ ಹೊಸಿಲಿಲ್ಲವಲ್ಲ. ಮಗನಿಂದ ಫೋನು ಮಾಡಿಸಿ ಅಲ್ಲೇ ಸೋಪಾನದ ಮೇಲೆ ಕುಳಿತೆ. ನೀರು ತುಂಬಿ ಸದ್ದಿಲ್ಲದೆ ಹೋಗುತ್ತಿತ್ತು. ಅದನ್ನೇ ನೋಡುತ್ತಿದ್ದರೆ ನೀರು ನಿಂತು ನಾನೇ ಎಲ್ಲಿಗೋ ತೇಲಿ ಹೋದ ಹಾಗೆ ಆಗುತ್ತಿತ್ತು. ಅವಳು ಬಂದು ಎರಡು ಮೆಟ್ಟಿಲು ಮೇಲೆ ನಿಂತಳು.

"ತಪ್ಪಲೆಗೆ ಅಸುರು ಬಳ್ದಿದ್ದು ನಾನೇ ಕಣವ್ವ" ಎಂದೆ. "ನಿನ್ನ ಅನ್ಬಾರ್ದಾಗಿತ್ತು. ತಪ್ಪಾಯ್ತು."

ತಪ್ಪಾಯ್ತು ಎಂದು ನಾನು ಯಾರಿಗೂ ಹೇಳಿದವಳಲ್ಲ. ಹೇಳಿದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಅವಳು ನೀರನ್ನೇ ನೋಡುತ್ತಿದ್ದಳು.

"ಅತ್ತೆ, ನೀವು ನಾಕ್ ಜನದ ಮುಂದೆ ನಮ್ಮಪ್ಪನ ಮನೇನ ಅಂದ್ರಿ. ಇಲ್ಲಿ ಕಾಲುವೆ ತಾವ ನನ್ನೊಬ್ಳ ಕಿವೀಲಿ ತಪ್ಪಾಯ್ತು ಅಂತೀರಿ. ಅವ್ರೆಲ್ಲ ಇನ್ನೂ ನನ್ನ ಕಣ್ಣಿಲ್ದೋಳು ಅಂತಾನೇ ಅಂದ್ಕೊಂಡವ್ರೆ. ಎಲ್ಲಿ ಅಂದ್ರೋ ಅಲ್ಲೇ ಯೋಳಿ. ಆಮೇಲೆ ಬತ್ತೀನಿ."

ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಇವಳ ಸೊಕ್ಕೇ ಎಂದುಕೊಂಡೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಮಲಗಿದ ಕಬ್ಬು, ಬಗ್ಗಿದ ತೆಂಗು, ಗಾಳಿಗೆ ಹಾರುವ ಸೆರಗುಗಳನ್ನು ನೋಡುತ್ತ ಚಿನಕುರಳಿವರೆಗೂ ಮನಸ್ಸಿನಲ್ಲೇ ಅವಳಿಗೆ ಬೈದೆ. ಅಲ್ಲಿಂದ ಮುಂದೆ ಬೈಗುಳ ಸಾಲಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದದ್ದು ಎಲ್ಲಿಗೆ ಹೋಗುತ್ತದೆ, ಕೇಳಿದವರ ಕಿವಿಯಲ್ಲೇ ತಾನೆ ಇರುತ್ತದೆ.

ಆ ವಾರದ ಕೊನೆಗೆ ಹೊಸಹೊಳಲಿನಾಚೆಯ ಆ ಮನೆಗೆ ಹೋದೆ. ಅಡುಗೆಯವನಿಗೂ, ಮಗನ ಕೈಲಿ ಸೊಸೆಗೂ ಹೇಳಿ ಕಳಿಸಿದ್ದೆ. ಅವತ್ತು ಒಲೆಯ ಸುತ್ತ ಇದ್ದ ಅಕ್ಕಪಕ್ಕದ ಹೆಂಗಸರನ್ನೂ ಮನೆಯೊಡತಿ ಕರೆದಿದ್ದಳು. ಏನೋ ದೊಡ್ಡ ಪಂಚಾಯಿತಿ ಎಂದುಕೊಂಡು ಬಂದಿದ್ದರು. ಸೊಸೆ ಬೇರೆ ಬಸ್ಸಿನಲ್ಲಿ ಬಂದು ಹಿತ್ತಲ ಬೇಲಿಯ ಹತ್ತಿರ ನಿಂತಿದ್ದಳು. ಅಷ್ಟು ವರ್ಷ ಊರಿಗೆಲ್ಲ ಕೇಳುವಂತೆ ಕೂಗಿದ ಗಂಟಲಿನಿಂದ ಸ್ವರ ಹೊರಡಲಿಲ್ಲ. ಕೆಮ್ಮಿ ಮತ್ತೆ ಶುರು ಮಾಡಿದೆ.

"ಅವತ್ತಿನ ತಪ್ಪಲೆಗೆ ಬಣ್ಣ ಬಳ್ದಿದ್ದು ನಾನು. ಕೆಂಪು ಬಳೀಬೇಕಾದ್ದಕ್ಕೆ ಅಸುರು ಬಳ್ದಿದ್ದೆ. ಈ ನನ್ನ ಸೊಸೆ ನೋಡೇ ಕಳ್ಸಿದ್ಲು. ಅವಳ್ದೇನೂ ತಪ್ಪಿಲ್ಲ. ಅವಳ ಅಪ್ಪನ ಮನೇನ ಅಂದಿದ್ದು ನನ್ನ ತಪ್ಪು. ನಿಮ್ಮ ಪಾಯ್ಸ ಕೆಡ್ಸಿದ್ದೂ ನಾನೇ."

"ಅಯ್ಯೋ ಬುಡಕ್ಕ, ಅತ್ತೆ ಸೊಸೆ ಅಂದ್ಮೇಲೆ ಒಂದ್ ಮಾತು ಬತ್ತದೆ ಓಯ್ತದೆ" ಎಂದಳು ಮನೆಯೊಡತಿ.

"ಬತ್ತದೆ ಕಣಕ್ಕ. ಓಗಾಕಿಲ್ಲ" ಎಂದಳು ನನ್ನ ಸೊಸೆ, ಬೇಲಿಯ ಹತ್ತಿರದಿಂದಲೇ.

ನಾವಿಬ್ಬರೂ ಬಸ್ ಸ್ಟಾಪಿಗೆ ನಡೆದೆವು. ಮೋಡ ತಗ್ಗಿ ಬಂದಿತ್ತು, ಒಂದೆರಡು ಹನಿ ಬಿದ್ದವು. ಯಾಕೋ ಗೊತ್ತಿಲ್ಲ, ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ನಾನು ಸೊಸೆಯಾಗಿ ಬಂದ ವರ್ಷ, ನೆಂಟರಿಗೆಂದು ಇಟ್ಟಿದ್ದ ಬೆಲ್ಲದ ಅಚ್ಚು ಕಾಣಲಿಲ್ಲ. ಇವಳೇ ಕದ್ದು ತಿಂದವಳು ಎಂದು ನನ್ನ ಅತ್ತೆ ನೆಂಟರ ಮುಂದೆಯೇ ಅಂದರು. ಎಂಟು ದಿನಕ್ಕೆ ಅಟ್ಟದ ಮಡಕೆಯಲ್ಲಿ ಅದು ಅವರ ಕೈಗೇ ಸಿಕ್ಕಿತು. ಒಂದು ಚೂರು ಮುರಿದು ನನ್ನ ಕೈಗೆ ಕೊಟ್ಟರು, ತಪ್ಪಾಯ್ತು ಎನ್ನಲಿಲ್ಲ. ಆಮೇಲೆ ಅವರೊಡನೆ ಇಪ್ಪತ್ತಾರು ವರ್ಷ ಬಾಳಿದೆ. ಹಾಸಿಗೆ ಹಿಡಿದಾಗ ಎರಡು ವರ್ಷ ಅವರ ಮೈ ತೊಳೆದೆ. ಇವತ್ತು ಹೇಳಿಯಾರು, ನಾಳೆ ಹೇಳಿಯಾರು ಎಂದು ಕಾದೆ. ಕೊನೆಯ ದಿನ ಬಾಯಿಗೆ ನೀರು ಬಿಡುವಾಗಲೂ ಅವರ ತುಟಿಗಳನ್ನೇ ನೋಡುತ್ತಿದ್ದೆ.

ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಸೊಸೆ ನನ್ನ ಕೈ ಹಿಡಿದುಕೊಂಡಳು.

"ನಂಗೂ ಅದೇ ಭಯ ಅತ್ತೆ. ಅಂಗೆ ಕಾಯ್ಕೊಂಡು ಬಾಳಾದು ನನ್ನ ಕೈಲಿ ಆಯ್ತಿರ್ಲಿಲ್ಲ."

ಪಾಂಡವಪುರಕ್ಕೆ ಹೋಗುವ ಬಸ್ಸು ಬಂತು. ಆಷಾಢ ಮುಗಿಯಲು ಇನ್ನೂ ಒಂಬತ್ತು ದಿನ ಇತ್ತು. ಅವಳು ಹತ್ತಿ ಕಿಟಕಿ ಪಕ್ಕ ಕುಳಿತು, ಶ್ರಾವಣ ಹುಟ್ಟಿದ ದಿನವೇ ಬರುತ್ತೇನೆ, ಆಟೋ ಕಳಿಸಿ ಎಂದಳು.