ಒಂದು ಬೀಡಿಯ ಹೊತ್ತು

ಬೀಡಿ ಸೇದುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕುದುರೆಯ ಎದೆಗೆ ಕೈ ಒತ್ತಿಕೊಂಡು ಸೇದುತ್ತಿದ್ದವನು ನನ್ನ ಚಿಕ್ಕಪ್ಪ ಪುಟ್ಟಮಾದಯ್ಯ ಒಬ್ಬನೇ. ನಂಜನಗೂಡು ರೈಲ್ವೆ ಸ್ಟೇಷನ್ನಿನಿಂದ ದೇವಸ್ಥಾನಕ್ಕೆ ಜಟಕಾ ಹೊಡೆಯುತ್ತಿದ್ದ. ಕುದುರೆಯ ಹೆಸರು ಚಿನ್ನಿ. ಓಡಿಸಿ ನಿಲ್ಲಿಸಿದ ತಕ್ಷಣ ಬೀಡಿ ಹಚ್ಚಿ, ಅವಳ ಎಡ ಮುಂಗಾಲಿನ ಹಿಂದೆ ಅಂಗೈ ಇಡುತ್ತಿದ್ದ. ಬೀಡಿ ಮುಗಿಯುವಷ್ಟರಲ್ಲಿ ಎದೆಬಡಿತ ಇಳಿದರೆ ಕುದುರೆ ಗಟ್ಟಿ. ಅರ್ಧ ಬೀಡಿಗೇ ಇಳಿದರೆ ನಾಳೆ ಇನ್ನಷ್ಟು ದೂರ ಓಡಿಸಬಹುದು. ಮುಗಿದರೂ ಇಳಿಯದಿದ್ದರೆ ಮಾರನೆಯ ದಿನ ಯಾರು ಕರೆದರೂ ಗಾಡಿ ಕಟ್ಟುತ್ತಿರಲಿಲ್ಲ.

ನಾನಾಗ ಆಸ್ಪತ್ರೆಯಲ್ಲಿ ನರ್ಸ್, ದಿನವಿಡೀ ವಾಚು ನೋಡಿಕೊಂಡು ನಾಡಿ ಎಣಿಸುವವಳು. ಇದೆಂಥ ಲೆಕ್ಕ ಚಿಕ್ಕಪ್ಪ, ನನ್ನ ವಾಚು ತಗೋ ಎಂದು ರೇಗಿಸುತ್ತಿದ್ದೆ.

"ವಾಚಾದ್ರೆ ಮುಳ್ ನೋಡ್ಬೇಕು ಕಣವ್ವ. ಬೀಡಿ ಆದ್ರೆ ಅವಳ ಮೊಕ ನೋಡ್ಕಂಡಿರಬೋದು" ಎನ್ನುತ್ತಿದ್ದ. ನನ್ನ ಮುಖವನ್ನು ಒಂದು ದಿನವೂ ಅಷ್ಟು ಹೊತ್ತು ನೋಡಲಿಲ್ಲ ಈ ಮನುಷ್ಯ ಎಂದು ಚಿಕ್ಕಮ್ಮ ಒಳಗಿನಿಂದಲೇ ಗೊಣಗುತ್ತಿದ್ದಳು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸ್ಟೇಷನ್ ಮುಂದೆ ಆಟೋಗಳೇ ತುಂಬಿದವು. ಜೊತೆಗಾರರು ಒಬ್ಬೊಬ್ಬರಾಗಿ ಕುದುರೆ ಮಾರಿದರು. ಕೊಂಡವರು ಅವನ್ನು ಕಡಿಯಲು ಸಾಗಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಚಿನ್ನಿಗೆ ಉಳಿದದ್ದು ಒಂದೇ ದಾರಿ. ಟಿ. ನರಸೀಪುರದ ಕುದುರೆಗಾಡಿ ಓಟದಲ್ಲಿ ಓಡಿ ತೋರಿಸಿದರೆ ಅವಳನ್ನೂ, ಅವಳನ್ನು ನೋಡಿಕೊಳ್ಳಲು ಇವನನ್ನೂ ಇಟ್ಟುಕೊಳ್ಳುತ್ತೇನೆ ಎಂದು ಮೈಸೂರಿನ ಸಾಹುಕಾರರೊಬ್ಬರು ಹೇಳಿದ್ದರು. ಅವರಿಗೆ ಓಟದ ಕುದುರೆ ಸಾಕುವ ಹುಚ್ಚು.

ಅಂದಿನಿಂದ ಹುಲ್ಲಹಳ್ಳಿ ಕಡೆಯ ನಾಲೆ ಏರಿಯ ಮೇಲೆ ತಾಲೀಮು. ಓಡುವ ದೂರ ಹೆಚ್ಚುತ್ತಾ ಹೋಯಿತು. ಹೇಗಿದ್ದಾಳೆ ಎಂದು ಕೇಳಿದಾಗಲೆಲ್ಲ ಬೀಡಿಯೊಳಗೇ ಇಳಿಯಿತು ಎನ್ನುತ್ತಿದ್ದ. ಚಿನ್ನಿ ಮಾತ್ರ ಸೊರಗುತ್ತಿದ್ದಳು, ನೆನೆಸಿದ ಹುರುಳಿಯನ್ನು ಮೂಸಿ ಬಿಡುತ್ತಿದ್ದಳು. ಆದರೂ ಅವನ ಮಾತನ್ನು ನಂಬಿದೆ. ನಂಬದೆ ಇನ್ನೇನು ಮಾಡಲಿ?

ಓಟದ ದಿನ ನಾನೂ ಹೋಗಿದ್ದೆ. ಸರದಿ ಬರುವ ಮುಂಚೆ ಮೈ ಬಿಸಿಯಾಗಲೆಂದು ಒಂದು ಸುತ್ತು ಓಡಿಸಿ ಬೀಡಿ ಹಚ್ಚಿದ. ಅವನ ಕೈ ಪಕ್ಕದಲ್ಲಿ ನಾನೂ ಅಂಗೈ ಇಟ್ಟೆ. ಒಳಗಿನಿಂದ ಯಾರೋ ಬಾಗಿಲು ಬಡಿದಂತೆ ಬಡಿಯುತ್ತಿತ್ತು. ಚಿಕ್ಕಪ್ಪ ಬೀಡಿಯನ್ನು ತುಟಿಗೆ ಸೋಕಿಸುತ್ತಿದ್ದ, ಆರದಿರುವಷ್ಟು ಮಾತ್ರ ಎಳೆಯುತ್ತಿದ್ದ. ನನ್ನ ಕಣ್ಣು ವಾಚಿನ ಕಡೆ ಹೋಯಿತು.

"ನೋಡ್ಬ್ಯಾಡ ಕಣವ್ವ" ಅಂದ.

ಕಿಡಿ ಬೆರಳಿಗೆ ತಾಗಿದರೂ ಬಡಿತ ಇಳಿಯಲಿಲ್ಲ.

"ಇಷ್ಟ್ ದಿನಾನೂ ಮೆಲ್ಲಗ್ ಸೇದ್ತಿದ್ದೆ ಮಗ. ಓಡುಸ್ದ್ರೆ ಇಲ್ಲೇ ಬೀಳ್ತಾಳೆ. ಓಡುಸ್ದಿದ್ರೆ..." ಎನ್ನುತ್ತಾ ಬೀಡಿಯ ತುಂಡನ್ನು ನೆಲಕ್ಕೆ ಹಾಕಿ ತುಳಿದ.

ಸಾಹುಕಾರರ ಕಡೆಯವರು ಕೂಗಿ ಕರೆದರು. ತಲೆ ಅಲ್ಲಾಡಿಸಿ ಗಾಡಿ ತಿರುಗಿಸಿದ. ನಂಜನಗೂಡಿನವರೆಗೂ ಗಾಡಿ ಹತ್ತದೆ ಲಗಾಮು ಹಿಡಿದು ನಡೆದೇ ಬಂದ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಿತ್ತು.

ಆಮೇಲೂ ಅವಳನ್ನು ಮಾರಲಿಲ್ಲ. ತಾನು ಅರೆಹೊಟ್ಟೆ ಉಂಡು ಸಾಕಿದ. ಬೇಸಗೆ ಬರುವ ಮುಂಚೆಯೇ ಚಿನ್ನಿ ಲಾಯದಲ್ಲಿ ಸತ್ತಳು.

ಅಷ್ಟರಲ್ಲಿ ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಚಿಕ್ಕಪ್ಪನನ್ನು ಕೊನೆಯ ಸಲ ನೋಡಲು ಹೋದಾಗ ಖಾಲಿ ಲಾಯದ ಮುಂದೆ ಕೂತಿದ್ದ. ಕಿವಿಯ ಮೇಲೆ ಬೀಡಿ ಇತ್ತು. ಒಳಗಿನಿಂದ ಬೆಂಕಿಪೊಟ್ಟಣ ತಂದುಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಬ್ಯಾಡ ಕಣವ್ವ. ಹಚ್ಚಿದ್ರೆ ಈ ಕೈ ಅವಳ್ನ ಉಡುಕ್ತದೆ."